ಐದು ಗಂಟೆಯ ಬೆಕ್ಕು

ಜುಲೈ 9, ಗುರುವಾರ

ಅಪ್ಪಾ,

ಪತ್ರ ಹೇಗೆ ಶುರು ಮಾಡಬೇಕು ಎಂದು ಶಾಲೆಯಲ್ಲಿ ಕಲಿಸಿದ್ದರು. ಇತ್ತ ಎಲ್ಲರೂ ಕ್ಷೇಮ, ಅತ್ತಲೂ ಹಾಗೆಯೇ ಎಂದು ಭಾವಿಸುತ್ತೇನೆ ಅಂತ. ಕ್ಷೇಮವೋ ಇಲ್ಲವೋ ಗೊತ್ತಿಲ್ಲದೆ ಭಾವಿಸುವುದು ಹೇಗೆ ಎಂದು ಕೇಳಿದ್ದಕ್ಕೆ ಆ ಪಾಠದಲ್ಲಿ ನನಗೆ ಹತ್ತಕ್ಕೆ ಮೂರು ಬಂತು. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ. ಮೇಷ್ಟ್ರು ಬದುಕಿದ್ದಾರೆ.

ನೀನು ಗುಡ್ಡದ ತುದಿಯ ಹವಾಮಾನ ಕೇಂದ್ರಕ್ಕೆ ಅಡುಗೆಗೆ ಹೋಗಿ ಎಂಟು ದಿನವಾಯಿತು. ಇನ್ನು ಏಳು ತಿಂಗಳು ಇಪ್ಪತ್ತೆರಡು ದಿನ ಉಳಿದಿದೆ. ಇಲ್ಲಿ ಊರಿನಲ್ಲಿರುವ ಕೇಂದ್ರದ ಆಫೀಸಿಗೆ ಹೋಗಿ ವಿಚಾರಿಸಿದೆ. ಫೋನು ಇಲ್ಲ, ರೇಡಿಯೋ ತುರ್ತಿಗೆ ಮಾತ್ರ. ಎರಡು ವಾರಕ್ಕೊಮ್ಮೆ ಗುರುವಾರ ಸಾಮಾನಿನ ಲಾರಿ ಮೇಲೆ ಹೋಗಿ, ಅರ್ಧ ಗಂಟೆ ನಿಂತು ಇಳಿಯುತ್ತದೆ. ಟಪಾಲು ಅದರಲ್ಲೇ. "ಬೆಕ್ಕಿನ ಶುಗರ್ ತುರ್ತಲ್ವಾ ಸಾರ್?" ಎಂದೆ. ಗುಮಾಸ್ತರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಹಾಗಾಗಿ ಕಾಗದ. ಒಳ್ಳೆಯದೇ ಆಯಿತು. ಫೋನಿದ್ದಿದ್ದರೆ ಮೂರನೇ ಮಾತಿಗೆ ಜಗಳ ಆಡಿ ಇಟ್ಟುಬಿಡುತ್ತಿದ್ದೆವು.

ನೀನು ಫ್ರಿಜ್ಜಿಗೆ ಅಂಟಿಸಿ ಹೋದ ಐದು ನಿಯಮಗಳನ್ನೂ ಪಾಲಿಸುತ್ತಿದ್ದೇನೆ. ಬೆಳಿಗ್ಗೆ ಆರು, ಸಂಜೆ ಆರು. ನಿನ್ನ ಹಳೆಯ ಬೂದು ಕಾಲುಚೀಲಕ್ಕೆ ಅಕ್ಕಿ ತುಂಬಿ, ಬಿಸಿ ಬಾಣಲೆಯ ಮೇಲಿಟ್ಟು, ನನ್ನ ಕೆನ್ನೆಗೆ ಒತ್ತಿ ನೋಡಿ, ಆಮೇಲೆ ಮೇಷ್ಟ್ರ ಕಿವಿಗೆ ಇಡುತ್ತೇನೆ. ಕಿವಿ ಬೆಚ್ಚಗಾದ ಮೇಲೆ ಅಂಚಿಗೆ ಒಂದು ಚುಚ್ಚು. ಸಾಸಿವೆಯಷ್ಟು ರಕ್ತ. ಸ್ಟ್ರಿಪ್ಪು ಅದನ್ನು ಹೀರಿ ಐದು ಎಣಿಸುವುದರೊಳಗೆ ಅಂಕೆ ತೋರಿಸುತ್ತದೆ. ನೋಟ್‌ಬುಕ್ಕಿಗೆ ಬರೆಯುತ್ತೇನೆ. ಅವರು ತಿಂದು ಮುಗಿಸಿದ ಮೇಲೆ ಕತ್ತಿನ ಹಿಂದಿನ ಚರ್ಮ ಎತ್ತಿ ಎರಡು ಯೂನಿಟ್ ಇನ್ಸುಲಿನ್. ಅತ್ತೆ ಕೆಳಗಿನ ಮನೆಯಿಂದ ಹತ್ತಿ ಬಂದು ಮೇಷ್ಟ್ರನ್ನು ಟವೆಲಿನಲ್ಲಿ ಸುತ್ತಿ ಹಿಡಿದುಕೊಳ್ಳುತ್ತಾರೆ, ಕಣ್ಣು ಮುಚ್ಚಿಕೊಂಡು.

"ಮುಗೀತಾ? ಮುಗೀತೇನೇ?"

"ಇನ್ನೂ ಸೂಜಿ ಮುಚ್ಚಳ ತೆಗೆದಿಲ್ಲ ಅತ್ತೆ."

"ಅಯ್ಯೋ, ಕೈಯೆಲ್ಲ ಬೆವರು. ನಿಮ್ಮಪ್ಪನಿಗೆ ಬೆಕ್ಕು ಸಾಕು ಅಂದವರು ಯಾರು!"

ಕಲಿಸುವಾಗ ನಿನ್ನ ಬೆರಳಿಗೇ ಚುಚ್ಚಲು ಹೇಳಿದ್ದೆಯಲ್ಲ, ಅದು ಉಪಯೋಗಕ್ಕೆ ಬಂತು. ಅವತ್ತು ರಕ್ತವನ್ನು ಸ್ಟ್ರಿಪ್ಪಿಗೆ ತಾಗಿಸಿ ನೋಡೋಣ ಎಂದರೆ ಸುಮ್ಮನೆ ದಂಡ ಎಂದು ನೀನು ಪ್ಯಾಂಟಿಗೆ ಒರೆಸಿಕೊಂಡೆ. ಆ ಕಲೆ ಇನ್ನೂ ಹೋಗಿಲ್ಲ.

ಇವತ್ತು ಬೆಳಿಗ್ಗೆ 338. ನಿನ್ನೆ ಸಂಜೆ 351.

ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಕೆಲಸ ಬಿಟ್ಟೆ. ಸಂಜೆ ಏಳರವರೆಗೆ ಇರು ಎಂದರು. ಆರಕ್ಕೆ ನನಗೆ ಮೇಷ್ಟ್ರಿದ್ದಾರೆ ಎಂದೆ. ಟ್ಯೂಷನ್ನಾ ಎಂದು ಕೇಳಿದರು. ಶಾಲೆ ಬಿಟ್ಟರೂ ಮೇಷ್ಟ್ರು ನನ್ನನ್ನು ಬಿಡಲಿಲ್ಲ ನೋಡು.

ಬುಗುರಿ


ಜುಲೈ 23

ಬುಗುರೀ,

ನಿನ್ನ ಕಾಗದ ಅಕ್ಕಿ ಮೂಟೆಯ ಮೇಲೆ ಕುಳಿತು ಬಂತು. ಮೂಟೆ ಇಳಿಸುವ ಮೊದಲು ಅದನ್ನೇ ಓದಿದೆ. 338 ಎಂದರೆ ಇನ್ನೂ ಹೆಚ್ಚೇ, ಆದರೆ ನಾನು ಬಿಟ್ಟು ಬಂದಾಗ ನಾಲ್ಕು ನೂರರ ಹತ್ತಿರ ಇತ್ತಲ್ಲ. ಇಳಿಯುತ್ತದೆ. ಹಿಂಗಾಲಿನ ಹಿಮ್ಮಡಿಯನ್ನೂ ನೆಲಕ್ಕೆ ಊರಿ ನಡೆಯುವುದು ಸರಿಹೋಯಿತೇ? ಬಕೆಟ್ಟಿಗೆ ಬಾಯಿ ಹಾಕುವುದು ಕಡಿಮೆಯಾಯಿತೇ? ಬರೆ.

ಇಲ್ಲಿ ಹದಿನಾಲ್ಕು ಜನ. ಇಡೀ ದಿನ ಗಾಳಿ ಅಳೆಯುತ್ತಾರೆ, ಮೋಡ ಎಣಿಸುತ್ತಾರೆ, ಟೀ ಕುಡಿಯುತ್ತಾರೆ. ಅಡುಗೆಮನೆಯಲ್ಲಿ ಒಲೆಯ ಮುಂದೆಯೇ ಕಿಟಕಿ ಇದೆ. ನಿನಗೆ ಗೊತ್ತು, ಮೂವತ್ತು ವರ್ಷ ನಾನು ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ಬೇಯಿಸಿದವನು. ಹೊರಗೆ ಬಿಸಿಲೋ ಮಳೆಯೋ, ಬಂದವರ ಕೊಡೆ ನೋಡಿ ತಿಳಿಯಬೇಕಿತ್ತು. ಇಲ್ಲಿ ಸೌಟು ತಿರುಗಿಸುತ್ತಾ ತಲೆ ಎತ್ತಿದರೆ ಏಳು ಸಾಲು ಬೆಟ್ಟ. ಮೊದಲ ದಿನ ನೋಡುತ್ತಾ ನಿಂತು ಹಾಲು ಉಕ್ಕಿಸಿಬಿಟ್ಟೆ. ಯಾರೂ ಬೈಯಲಿಲ್ಲ. ಇಲ್ಲಿಗೆ ಬಂದವರೆಲ್ಲ ಮೊದಲ ದಿನ ಏನಾದರೊಂದು ಉಕ್ಕಿಸುತ್ತಾರಂತೆ.

ಗಾಳಿ ಒಣ. ಎಷ್ಟು ನೀರು ಕುಡಿದರೂ ಬಾಯಾರಿಕೆ ಹೋಗುವುದಿಲ್ಲ. ಹತ್ತಿ ಇಳಿದು ಮೈ ಕರಗಿದೆ, ಬೆಲ್ಟಿಗೆ ಇನ್ನೊಂದು ತೂತು ಕೊರೆದುಕೊಂಡೆ. ಮಣಿಕಟ್ಟಿಗೆ ಬಾಣಲೆ ತಾಗಿ ಸ್ವಲ್ಪ ಸುಟ್ಟಿದೆ, ಮಾಯುತ್ತದೆ.

ಕೆಲಸ ಹುಡುಕುವಾಗ ಮೊದಲು ಅವರ ಗಡಿಯಾರ ನೋಡು, ಆಮೇಲೆ ಅವರ ಮುಖ. ಅಕ್ಕನಿಗೆ ಕಣ್ಣು ಬಿಡಲು ಹೇಳು.

ಅಪ್ಪ


ಆಗಸ್ಟ್ 6

ಅಪ್ಪಾ,

ಈ ಪತ್ರವನ್ನು ಕೂತು ಓದು.

ಆಗಸ್ಟ್ ಒಂದನೇ ತಾರೀಕು ಮೇಷ್ಟ್ರು ಸಾಯುವುದರಲ್ಲಿದ್ದರು. ಕಾರಣ ನಾನು. ಈಗ ಚೆನ್ನಾಗಿದ್ದಾರೆ. ಅದನ್ನು ಮೊದಲೇ ಬರೆದುಬಿಟ್ಟೆ, ಇನ್ನು ಉಳಿದದ್ದು.

ಬೇಕರಿಯಲ್ಲಿ ಸೈಕಲ್ ಮೇಲೆ ಬ್ರೆಡ್ ಹಂಚುವ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಏಳಕ್ಕೆ ಬಾ ಎಂದಿದ್ದರು. ಆ ದಿನ ಬೇರೆಯವನು ಬರಲಿಲ್ಲವೆಂದು ಐದಕ್ಕೇ ಕರೆದರು. ಐದಕ್ಕೆ ಹತ್ತು ನಿಮಿಷ ಇರುವಾಗ ಮೇಷ್ಟ್ರಿಗೆ ಊಟ ಇಟ್ಟೆ. ಅವರು ಮೂಸಿ ನೋಡಿ ಮುಖ ತಿರುಗಿಸಿದರು. ಹೊತ್ತಲ್ಲದ ಹೊತ್ತಲ್ಲವೇ. ಆಮೇಲೆ ತಿನ್ನುತ್ತಾರೆ ಎಂದುಕೊಂಡು ಚುಚ್ಚಿಬಿಟ್ಟೆ. ನೀನು ಬರೆದ ಮೊದಲನೇ ನಿಯಮ ಏನು? ತಿಂದ ಮೇಲೆ ಚುಚ್ಚು. ಅದು ನನ್ನ ಕಣ್ಣ ಮುಂದೆಯೇ ಫ್ರಿಜ್ಜಿನ ಮೇಲಿತ್ತು. ಇನ್ಸುಲಿನ್ ತೆಗೆಯಲು ಆ ಕಾಗದವನ್ನೇ ಹಿಡಿದು ಬಾಗಿಲು ಎಳೆದಿದ್ದೆ.

ಏಳೂವರೆಗೆ ಮನೆಗೆ ವಾಪಸ್ ಬಂದೆ. ಏನೋ ಮನಸ್ಸಿಗೆ ಕಸಿವಿಸಿಯಾಗಿ ಬಂದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಅತ್ತೆ ಎಲ್ಲರಿಗೂ ಹಾಗೆಯೇ ಹೇಳುತ್ತಿದ್ದಾರೆ. ನಿಜ ಅದಲ್ಲ. ಸೈಕಲ್ ಬೀಗದ ಕೈ ಮರೆತಿದ್ದೆ. ಮರೆಯದೆ ಹೋಗಿದ್ದರೆ ಹನ್ನೊಂದರವರೆಗೆ ಬರುತ್ತಿರಲಿಲ್ಲ.

ಊಟ ಇಟ್ಟ ಹಾಗೆಯೇ ಇತ್ತು. ಮಂಚದ ಕೆಳಗೆ ಬಿದ್ದಿದ್ದ. ಬಹುವಚನವೆಲ್ಲ ಆ ಹೊತ್ತಿಗೆ ಮರೆತುಹೋಗಿತ್ತು. ಹಿಂಗಾಲು ಎರಡೂ ಬದಿಗೆ ಹರಡಿದ್ದವು, ತಲೆ ತೂಗುತ್ತಿತ್ತು, ಕಣ್ಣು ನನ್ನ ಕಡೆ ಇದ್ದರೂ ನನ್ನನ್ನು ನೋಡುತ್ತಿರಲಿಲ್ಲ. ಕಿವಿ ಬೆಚ್ಚಗೆ ಮಾಡಲು ಪುರುಸೊತ್ತಿಲ್ಲದೆ ಚುಚ್ಚಿದೆ. 41. ಜೇನುತುಪ್ಪದ ಬಾಟಲಿಯ ಮುಚ್ಚಳ ಅಂಟಿಕೊಂಡಿತ್ತು, ಹಲ್ಲಿನಲ್ಲಿ ತೆಗೆದೆ. ಬೆರಳಿಗೆ ಹಚ್ಚಿಕೊಂಡು ಅವನ ಒಸಡಿಗೆ ಉಜ್ಜಿದೆ. ಮತ್ತೆ ಉಜ್ಜಿದೆ. ಅತ್ತೆ ಹತ್ತಿ ಬಂದು ಬಾಗಿಲಲ್ಲೇ ನಿಂತು "ಉಸಿರಾಡ್ತಿದ್ದಾನಾ? ಹೇಳೇ, ಉಸಿರಾಡ್ತಿದ್ದಾನಾ?" ಎನ್ನುತ್ತಿದ್ದರು. ಆವತ್ತು ಅವರು ಕಣ್ಣು ಮುಚ್ಚಲಿಲ್ಲ. ಇಪ್ಪತ್ತು ನಿಮಿಷಕ್ಕೆ 68. ಮುಕ್ಕಾಲು ಗಂಟೆಗೆ 103. ಆಮೇಲೆ ಎದ್ದು, ನನ್ನನ್ನು ದಾಟಿಕೊಂಡು ಹೋಗಿ, ತಟ್ಟೆಯಲ್ಲಿದ್ದದ್ದನ್ನು ತಿಂದರು. ಬೈಯುವ ಮುಖವಿತ್ತು. ಬೈದಿದ್ದರೆ ಚೆನ್ನಾಗಿತ್ತು.

ಬ್ರೆಡ್ಡು ಬೀದಿಯಲ್ಲೇ ಉಳಿದು ಹಸುಗಳ ಪಾಲಾಯಿತು. ಬೇಕರಿಯವರು ಇನ್ನು ಬರಬೇಡ ಎಂದರು.

41 ಅನ್ನು ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಪಕ್ಕದಲ್ಲಿ "ನನ್ನ ತಪ್ಪು" ಎಂದೂ ಬರೆದಿದ್ದೇನೆ. ಡಾಕ್ಟರಮ್ಮ ಇದನ್ನು ನೋಡುತ್ತಾರೆ, ನೋಡಲಿ.

ಬುಗುರಿ


ಆಗಸ್ಟ್ 20

ಮಗಳೇ,

ಕೂತೇ ಓದಿದೆ. ಎರಡು ಸಲ.

ಎಷ್ಟೋ ಅಡುಗೆಮನೆಗಳಲ್ಲಿ ಎಷ್ಟೋ ಜನರ ಜೊತೆ ದುಡಿದಿದ್ದೇನೆ. ಉಪ್ಪು ಹೆಚ್ಚು ಹಾಕಿದವರು ಒಬ್ಬೊಬ್ಬರೂ ಉಪ್ಪಿನ ಡಬ್ಬವನ್ನೇ ಬೈಯುತ್ತಿದ್ದರು. ನಾನೇ ಹಾಕಿದೆ ಎಂದವರು ಇಬ್ಬರೋ ಮೂವರೋ. ನಿನ್ನನ್ನು ಬೈಯಲು ನನ್ನ ಹತ್ತಿರ ಏನೂ ಇಲ್ಲ. ಬೀಗದ ಕೈ ಮರೆಯುವ ನಿನ್ನ ಅಭ್ಯಾಸಕ್ಕೆ ಮೊದಲ ಸಲ ಕೈ ಮುಗಿದೆ.

ನೋಟ್‌ಬುಕ್ಕನ್ನೂ ಮೇಷ್ಟ್ರನ್ನೂ ತೆಗೆದುಕೊಂಡು ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೋಗು. ಔಷಧದ ಅಳತೆ ಬದಲಿಸಬೇಕೇ ಕೇಳು. ಇಳಿದದ್ದು ನಿನ್ನ ತಪ್ಪಿನಿಂದ ಮಾತ್ರವೇ, ಅಥವಾ ಅವನ ಮೈ ತಾನೇ ಚೇತರಿಸಿಕೊಳ್ಳುತ್ತಿದೆಯೇ, ಅವರಿಗೆ ಗೊತ್ತಾಗುತ್ತದೆ.

ಇಲ್ಲಿ ಬೆಳಿಗ್ಗೆ ನೀರಿನ ಮೇಲೆ ಗಾಜಿನ ಹಾಗೆ ಮಂಜು ಕಟ್ಟುತ್ತಿದೆ. ನವೆಂಬರ್ 26ರ ಲಾರಿಯೇ ಕೊನೆಯದಂತೆ. ಆಮೇಲೆ ಮೂರು ತಿಂಗಳು ದಾರಿ ಮುಚ್ಚುತ್ತದೆ.

ಅಪ್ಪ


ಸೆಪ್ಟೆಂಬರ್ 3

ಅಪ್ಪಾ,

ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಮೊದಲು ಮೇಷ್ಟ್ರ ಸುದ್ದಿ. ತೂಕ ನಾಲ್ಕು ಕಿಲೋ ಎಂಟು ನೂರು, ಮುನ್ನೂರು ಗ್ರಾಂ ಹೆಚ್ಚಾಗಿದೆ. ಹಿಮ್ಮಡಿ ಎತ್ತಿ ನಡೆಯುತ್ತಾರೆ. ಇನ್ಸುಲಿನ್ ಒಂದೂವರೆ ಯೂನಿಟ್ಟಿಗೆ ಇಳಿಸಿದರು. "ನನ್ನ ತಪ್ಪು" ಎಂದು ಬರೆದದ್ದನ್ನು ಓದಿ ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಇಷ್ಟೇ ಹೇಳಿದರು: "ಎಲ್ಲ ಮನೇಲೂ ಒಂದು ನಲವತ್ತೊಂದು ಇರುತ್ತಮ್ಮ. ಬರೆಯೋರು ಕಡಿಮೆ."

ಆಮೇಲೆ ಮಷೀನು ಕೊಡು, ಸರಾಸರಿ ನೋಡೋಣ ಎಂದರು. ಎಡಗಡೆಯ ಗುಂಡಿಯನ್ನು ಒತ್ತಿ ಹಿಡಿದರು. ಹಳೆಯ ಅಂಕೆಗಳೆಲ್ಲ ತಾರೀಕು, ಗಂಟೆ ಸಮೇತ ಒಂದೊಂದಾಗಿ ಬಂದವು. ಈ ಮಷೀನಿಗೆ ನೆನಪಿದೆ ಅಪ್ಪಾ. ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ನಾವು ನೋಟ್‌ಬುಕ್ಕನ್ನೇ ಇಡುತ್ತಿರಲಿಲ್ಲ.

ಡಾಕ್ಟರಮ್ಮ ನೋಟ್‌ಬುಕ್ಕನ್ನೂ ಮಷೀನನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡುತ್ತಾ ಹುಬ್ಬು ಗಂಟಿಕ್ಕಿದರು.

"ನಿಮ್ಮನೇಲಿ ಎಷ್ಟು ಬೆಕ್ಕು?"

"ಒಂದೇ."

"ಜೂನಲ್ಲಿ ಆರು ಗಂಟೆಗೆ ಒಂದು ಬೆಕ್ಕಿದೆ, ಸರಿ. ಇದು ಯಾವುದು, ಈ ಐದು ಗಂಟೆ ಬೆಕ್ಕು?"

ಒಂಬತ್ತು ಅಂಕೆ. ಜೂನ್ 19ರಿಂದ ನೀನು ಹೊರಟ ಜುಲೈ ಒಂದರವರೆಗೆ. ಎಲ್ಲವೂ ಬೆಳಿಗ್ಗೆ ಐದರ ಸುಮಾರಿಗೆ. ಮೊದಲನೆಯದು 291. ಕೊನೆಯದು, ನೀನು ಪೆಟ್ಟಿಗೆ ಕಟ್ಟಿದ ದಿನದ್ದು, 318. ನೋಟ್‌ಬುಕ್ಕಿನಲ್ಲಿ ಇವು ಯಾವುವೂ ಇಲ್ಲ.

ಆ ದಿನಗಳಲ್ಲಿ ಐದಕ್ಕೆ ಏಳುತ್ತಿದ್ದವನು ನೀನೊಬ್ಬನೇ. ಅತ್ತೆಗೆ ಸೂಜಿ ಕಂಡರೆ ಆಗದು. ನಾನು ಏಳುತ್ತಿದ್ದದ್ದು ಆರಕ್ಕೆ, ಅದೂ ನೀನು ಕಾಲು ಹಿಡಿದು ಎಳೆದರೆ.

ದಾರಿಯುದ್ದಕ್ಕೂ ಯೋಚಿಸಿದೆ. ಬಾಯಾರಿಕೆ. ಕರಗಿದ ಮೈ. ಬೆಲ್ಟಿನ ತೂತು. ಪ್ಯಾಂಟಿಗೆ ಒರೆಸಿಕೊಂಡ ರಕ್ತ. ಮೇಷ್ಟ್ರು ಬಕೆಟ್ಟಿಗೆ ಬಾಯಿ ಹಾಕುತ್ತಿದ್ದ ದಿನಗಳಲ್ಲೇ ನೀನೂ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದೆ. ಬೆಕ್ಕಿನಲ್ಲಿ ಕಂಡದ್ದು ನನಗೆ ಅಪ್ಪನಲ್ಲಿ ಕಾಣಲಿಲ್ಲ.

ಅತ್ತೆಗೆ ಹೇಳಿದೆ. ಅವರು ಹೊಲಿಗೆ ಮಷೀನು ನಿಲ್ಲಿಸಿದರು. ಆಮೇಲೆ "ನಮ್ಮಮ್ಮನಿಗೂ ಇತ್ತು ಕಣೇ. ಅವನಿಗೆ ಎಲ್ಲ ಗೊತ್ತು" ಎಂದರು.

ಸುತ್ತಿ ಬಳಸಿ ಕೇಳಲು ನನಗೆ ಬರುವುದಿಲ್ಲ. ಐದು ಗಂಟೆಯ ಬೆಕ್ಕು ನೀನೇ ತಾನೇ?

ಬುಗುರಿ


ಸೆಪ್ಟೆಂಬರ್ 17

ಬುಗುರೀ,

ಮೇಷ್ಟ್ರು ಮುನ್ನೂರು ಗ್ರಾಂ ಏರಿದ್ದು ಕೇಳಿ ಇಲ್ಲಿ ಎಲ್ಲರಿಗೂ ಒಂದೊಂದು ಲೋಟ ಹೆಚ್ಚು ಟೀ ಕೊಟ್ಟೆ. ಯಾಕೆ ಎಂದು ಕೇಳಿದರು. ನಮ್ಮ ಮನೆಯಲ್ಲಿ ಒಬ್ಬರು ಪಾಸಾದರು ಎಂದೆ.

ಮೊನ್ನೆ ಮೊದಲ ಹಿಮ ಬಿತ್ತು. ಕಿಟಕಿಯ ಅಂಚಿನಲ್ಲಿ ಹಿಟ್ಟು ಜರಡಿ ಹಿಡಿದ ಹಾಗೆ. ಕೇಂದ್ರದ ಮುಖ್ಯಸ್ಥೆ ಅದನ್ನೂ ಅಳೆದು ಬರೆದುಕೊಂಡರು.

ಐದು ಗಂಟೆಯ ಬೆಕ್ಕು ಚೆನ್ನಾಗಿದೆ. ಹೊತ್ತು ಹೊತ್ತಿಗೆ ತಿನ್ನುತ್ತದೆ, ಕಿಟಕಿ ನೋಡುತ್ತದೆ. ಅದರ ಚಿಂತೆ ಬಿಡು.

ಲಾಂಡ್ರಿಯಲ್ಲಿ ಕೆಲಸ ಸಿಕ್ಕಿದೆ ಎಂದು ಅಕ್ಕ ಬರೆದಿದ್ದಳು. ನಿಲ್ಲುತ್ತೀಯಾ?

ಅಪ್ಪ


ಅಕ್ಟೋಬರ್ 1

ಅಪ್ಪಾ,

ನನಗೆ ಬೆಕ್ಕಿನ ಕಥೆ ಬೇಡ. ಅಪ್ಪನ ಸುದ್ದಿ ಬೇಕು.

ಲಾಂಡ್ರಿಯಲ್ಲಿ ನಿಂತಿದ್ದೇನೆ. ಎದುರು ಬೀದಿಯಲ್ಲೇ ಇದೆ, ಏಳರಿಂದ ನಾಲ್ಕರವರೆಗೆ. ಲಾಡ್ಜುಗಳ ಹಾಸಿಗೆ ಹೊದಿಕೆ ಇಸ್ತ್ರಿ ಮಾಡುತ್ತೇನೆ. ಮೊದಲ ದಿನವೇ ಯಜಮಾನಿಗೆ ಹೇಳಿದೆ, ನಾನು ಒಂದು ಕಡೆ ನಿಲ್ಲುವವಳಲ್ಲ, ಆದರೆ ಒಂದು ಬೆಕ್ಕಿಗೋಸ್ಕರ ನಿಲ್ಲುತ್ತೇನೆ ಎಂದು. "ನಿಂಗಿಂತ ಬೆಕ್ಕೇ ಗ್ಯಾರಂಟಿ ಅಂತಾಯ್ತು, ಬಾ" ಎಂದರು.

ಈಗ ಶಾಲೆಯ ವಿಷಯ. ಎರಡು ವರ್ಷದಿಂದ ನಾವಿಬ್ಬರೂ ಅದರ ಸುತ್ತ ನಡೆದುಕೊಂಡು ಹೋಗುತ್ತಿದ್ದೇವೆ, ನಡುಮನೆಯಲ್ಲಿ ಬೀರು ಇಟ್ಟ ಹಾಗೆ. ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ ಲೈಬ್ರರಿ ಬಾಗಿಲು ತೆರೆದರು. ನಮ್ಮನ್ನು ಸಾಲಾಗಿ ಕೂರಿಸಿ ಕೈಗೊಂದೊಂದು ಪುಸ್ತಕ ಕೊಟ್ಟರು. ಇನ್‌ಸ್ಪೆಕ್ಟರು ನನ್ನ ಹತ್ತಿರ ಬಂದು ಪುಸ್ತಕ ಹೇಗಿದೆ ಎಂದರು. ಗೊತ್ತಿಲ್ಲ ಸಾರ್, ಬೆಳಿಗ್ಗೆ ಕೊಟ್ಟರು, ನೀವು ಹೋದ ಮೇಲೆ ವಾಪಸ್ ತಗೊಳ್ತಾರೆ ಎಂದೆ. ಅವರು ಹೋದ ಮೇಲೆ ಶಾಲೆಯವರು, "ನಾನು ಸುಳ್ಳು ಹೇಳಿದೆ, ಕ್ಷಮಿಸಿ" ಎಂದು ಬರೆದು ಸಹಿ ಹಾಕಿದರೆ ಮಾತ್ರ ತರಗತಿಗೆ ಸೇರಿಸುತ್ತೇವೆ ಎಂದರು. ನೀನು ಏನು ಹೇಳಿದೆ? "ಒಂದು ಸಹಿ ತಾನೆ, ಹಾಕಿಬಿಡು. ಏನು ಹೋಗುತ್ತೆ?"

ನಾನು ಹಾಕಲಿಲ್ಲ. ನೀನು ಹಾಕಿದ್ದೀಯ. ಗುಡ್ಡದ ಕೆಲಸಕ್ಕೆ ಆರೋಗ್ಯದ ಫಾರಂ ತುಂಬಿಸುತ್ತಾರೆ ಎಂದು ಆ ಗುಮಾಸ್ತರು ಹೇಳಿದರು. ಸಕ್ಕರೆ ಕಾಯಿಲೆ ಇದೆಯೇ, ಇದೆ, ಇಲ್ಲ. ನೀನು ಯಾವುದಕ್ಕೆ ಗುರುತು ಹಾಕಿದೆ ಎಂದು ನಾನು ಅವರನ್ನು ಕೇಳಲಿಲ್ಲ. ನಿನ್ನ ವಿಷಯವನ್ನೂ ಅವರಿಗೆ ಹೇಳಲಿಲ್ಲ. ಅದನ್ನು ನೀನೇ ಹೇಳಬೇಕು. ಆದರೆ ಅವರಾಗಿಯೇ ಕೇಳಿದರೆ ನಾನು ಇಲ್ಲ ಎನ್ನುವುದಿಲ್ಲ. ನಿನಗೆ ಗೊತ್ತಿರಲಿ.

ನವೆಂಬರ್ 26 ಆದ ಮೇಲೆ ದಾರಿ ಇರುವುದಿಲ್ಲ. ಅಲ್ಲಿ ನೀನು ಮಂಚದ ಕೆಳಗೆ ಬಿದ್ದರೆ ಬೀಗದ ಕೈ ಮರೆತು ವಾಪಸ್ ಬರುವವರು ಯಾರೂ ಇಲ್ಲ.

ಈ ಪತ್ರದ ಜೊತೆ ಒಂದು ಕಟ್ಟು ಇದೆ. ಡಾಕ್ಟರಮ್ಮ ತಮ್ಮ ಹಳೆಯ ಮಷೀನು ಕೊಟ್ಟರು, ಗಾಜು ಸ್ವಲ್ಪ ಒಡೆದಿದೆ, ಅಂಕೆ ಸರಿಯಾಗಿ ಕಾಣುತ್ತದೆ. ಐವತ್ತು ಸ್ಟ್ರಿಪ್ಪು. ಅದನ್ನೆಲ್ಲ ನಿನ್ನ ಬೂದು ಕಾಲುಚೀಲದಲ್ಲಿ ಹಾಕಿದ್ದೇನೆ. ಜೋಡಿಯಲ್ಲಿ ಒಂದು ಮೇಷ್ಟ್ರ ಕಿವಿಗೆ, ಇನ್ನೊಂದು ನಿನಗೆ. ಅಕ್ಕಿ ಅಲ್ಲೇ ತುಂಬಿಕೋ. ಬೆರಳು ತಣ್ಣಗಿದ್ದರೆ ರಕ್ತ ಬರುವುದಿಲ್ಲ.

ಐದನೇ ನಿಯಮ ನಿನ್ನದೇ ಕೈಬರಹದಲ್ಲಿದೆ: ಕಂಡ ಅಂಕೆ ಬರೆ, ಬೇಕಾದ ಅಂಕೆ ಬರೆಯಬೇಡ. ನಿನ್ನ ಅಂಕೆ ಬರುವವರೆಗೆ ಮೇಷ್ಟ್ರ ಅಂಕೆ ನಿನಗೆ ಬರುವುದಿಲ್ಲ.

ಬುಗುರಿ


ಅಕ್ಟೋಬರ್ 29

ಅಪ್ಪಾ,

ಹದಿನೈದರ ಲಾರಿ ಇಳಿದ ಸಂಜೆ ಆಫೀಸಿನ ಬಾಗಿಲಲ್ಲಿ ನಿಂತಿದ್ದೆ. ಟಪಾಲಿನ ಚೀಲವನ್ನು ಮೇಜಿನ ಮೇಲೆ ಮಗುಚಿದರು. ನಿನ್ನ ಕೈಬರಹ ಯಾವುದರ ಮೇಲೂ ಇರಲಿಲ್ಲ. ಗುಮಾಸ್ತರು ಚೀಲವನ್ನು ತಿರುಗಿಸಿ ಇನ್ನೊಮ್ಮೆ ಕೊಡವಿ ತೋರಿಸಿದರು. ಪಾಪ, ನಾನು ಕೇಳಿರಲಿಲ್ಲ.

ಲಾರಿ ಡ್ರೈವರನ್ನು ಕೇಳಿದೆ. "ಅಡುಗೆಯವ್ರಾ? ಚೆನ್ನಾಗಿದಾರಲ್ಲ. ಕೈಗೆ ಬಟ್ಟೆ ಕಟ್ಕೊಂಡಿದ್ರು ಅಷ್ಟೇ" ಎಂದ. ಜುಲೈನಲ್ಲಿ ಸುಟ್ಟ ಗಾಯಕ್ಕೆ ಅಕ್ಟೋಬರಿನಲ್ಲೂ ಬಟ್ಟೆ.

ಆ ಎರಡು ವಾರ ನಾನು ನೋಟ್‌ಬುಕ್ಕಿನಲ್ಲಿ ಅಂಕೆ ಬರೆಯುವಾಗಲೆಲ್ಲ ಒಂದು ಕೈಯಿಂದ ಮುಚ್ಚಿಕೊಂಡು ಬರೆಯುತ್ತಿದ್ದೆ, ಪರೀಕ್ಷೆಯಲ್ಲಿ ಪಕ್ಕದವಳಿಗೆ ಕಾಣದ ಹಾಗೆ. ಯಾರಿದ್ದರು ಅಲ್ಲಿ? ಅತ್ತೆ, ಮೇಷ್ಟ್ರು. ಯಾರಿಂದ ಮುಚ್ಚಿಡುತ್ತಿದ್ದೇನೆ ಎಂದು ನೋಡಿದರೆ ನಿನ್ನಿಂದ. ನೀನು ಐದು ಗಂಟೆಗೆ ಮಾಡಿದ್ದನ್ನೇ ನಾನು ಆರು ಗಂಟೆಗೆ ಮಾಡುತ್ತಿದ್ದೆ. ನಿನ್ನನ್ನು ಮಣಿಸಲು ನಿನ್ನ ದಾರಿಯೇ ಹಿಡಿದೆ. ನನಗೆ ಅದು ಒಗ್ಗಲಿಲ್ಲ.

ತಗೋ. ಏರಿದ್ದೂ ಇಳಿದದ್ದೂ:

ಅಕ್ಟೋಬರ್ 1: 204, 188. ಅಕ್ಟೋಬರ್ 5: 191, 167. ಅಕ್ಟೋಬರ್ 12: 173, 150. ಅಕ್ಟೋಬರ್ 16: 232, 210 (ಅತ್ತೆ ಬಿಸ್ಕತ್ತು ಕೊಟ್ಟಿದ್ದರು, ಒಪ್ಪಿಕೊಂಡರು). ಅಕ್ಟೋಬರ್ 22: 149, 141. ಇವತ್ತು ಬೆಳಿಗ್ಗೆ 128. ಈಗ ಒಂದೇ ಯೂನಿಟ್. ಹೀಗೇ ಇಳಿದರೆ ಸೂಜಿಯೇ ಬೇಡವಾಗಬಹುದು, ಬೆಕ್ಕುಗಳಲ್ಲಿ ಕೆಲವೊಮ್ಮೆ ಹಾಗೂ ಆಗುತ್ತದೆ ಎಂದರು ಡಾಕ್ಟರಮ್ಮ. ಕಿಟಕಿಯ ಕಟ್ಟೆಗೆ ಒಂದೇ ನೆಗೆತಕ್ಕೆ ಹತ್ತುತ್ತಾರೆ. ಮೊನ್ನೆ ನನ್ನ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಮಲಗಿದ್ದರು. ಎಬ್ಬಿಸಲಿಲ್ಲ.

ಬದಲಿಗೆ ನಿನ್ನಿಂದ ಏನೂ ಕೇಳುತ್ತಿಲ್ಲ. ಕೇಳುತ್ತಿಲ್ಲ ಎಂದು ಬರೆದದ್ದು ಪೂರ್ತಿ ನಿಜವಲ್ಲ. ಬೇಕು. ಆದರೆ ಇದು ಅದಕ್ಕೆ ಕೊಟ್ಟದ್ದಲ್ಲ.

ಬುಗುರಿ


ನವೆಂಬರ್ 12

ಬುಗುರೀ, ಮಗಳೇ,

ಹದಿನೈದನೇ ತಾರೀಕಿಗೆ ಪತ್ರ ಬರೆಯಲಿಲ್ಲವೆಂದಲ್ಲ. ಮೂರು ಬರೆದೆ. ಮೂರೂ ಒಲೆಗೆ ಹೋದವು. ಮೂರರಲ್ಲೂ ನಾನು ಒಳ್ಳೆಯವನಾಗಿ ಕಾಣುತ್ತಿದ್ದೆ.

ನೀನು ಮೇಷ್ಟ್ರ ಅಂಕೆ ಕೊಡುವುದಿಲ್ಲ ಎಂದಾಗ ಕೋಪ ಬಂದಿತ್ತು. ಕೊಟ್ಟೆಯಲ್ಲ, ಆಗ ಕೋಪ ಇಟ್ಟುಕೊಳ್ಳಲು ಜಾಗ ಸಿಗಲಿಲ್ಲ.

ಜೂನ್ 18ರ ಸಂಜೆ ಡಾಕ್ಟರಮ್ಮ ಮಷೀನು ಕೊಟ್ಟು ಕಳುಹಿಸಿದರು. ಮೇಷ್ಟ್ರ ಕಿವಿ ಎಷ್ಟು ತೆಳ್ಳಗಿದೆ ನಿನಗೆ ಗೊತ್ತು, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ. ಅದಕ್ಕೆ ಚುಚ್ಚಲು ಕೈ ಬರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಎಷ್ಟು ನೋಯುತ್ತದೆ ನೋಡೋಣ ಎಂದು ಮೊದಲು ನನ್ನ ಬೆರಳಿಗೆ ಚುಚ್ಚಿಕೊಂಡೆ. ಅಷ್ಟೇನೂ ನೋಯಲಿಲ್ಲ. ಹೇಗೂ ರಕ್ತ ಬಂದಿದೆಯಲ್ಲ, ಮಷೀನು ಕೆಲಸ ಮಾಡುತ್ತದೋ ಇಲ್ಲವೋ ಎಂದು ಸ್ಟ್ರಿಪ್ಪಿಗೆ ತಾಗಿಸಿದೆ. 291. ಮಷೀನು ಕೆಟ್ಟಿದೆ ಎಂದುಕೊಂಡೆ. ಮಾರನೇ ದಿನ ಮತ್ತೆ ನೋಡಿದೆ. ಒಂಬತ್ತು ಸಲ ನೋಡಿದೆ, ಒಂಬತ್ತು ಸಲವೂ ಅದು ಬೆಕ್ಕಿನ ವಿಷಯದಲ್ಲಿ ಸರಿ, ನನ್ನ ವಿಷಯದಲ್ಲಿ ಕೆಟ್ಟಿದೆ ಎಂದೇ ನಂಬಿದೆ. ಅಂಕೆ ಆರಿಹೋದ ಮೇಲೆ ಅದು ಎಲ್ಲೂ ಇರುವುದಿಲ್ಲ ಎಂದುಕೊಂಡಿದ್ದೆ.

ಫಾರಂ ಬಂದದ್ದು ಅದಾದ ಮೇಲೆ. ಗುರುತು ಎಲ್ಲಿ ಹಾಕಿದೆ ಎಂದು ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಇಲ್ಲ ಎಂದು ಹಾಕಿದೆ. ಸಹಿಯನ್ನೂ ಹಾಕಿದೆ. ಹಾಕುವಾಗ ನಿನ್ನ ನೆನಪೇ ಬಂತು. ಈ ಕಿಟಕಿ ಬೇಕಿತ್ತು ನನಗೆ. ನಮ್ಮಮ್ಮನ ಕಾಲು ತೆಗೆದದ್ದನ್ನು ಕಂಡವನು ನಾನು, ಅದಕ್ಕೆ ಮೊದಲು ಒಂದು ಸಲ ಕಿಟಕಿ ಇರುವ ಅಡುಗೆಮನೆಯಲ್ಲಿ ನಿಲ್ಲಬೇಕು ಅನ್ನಿಸಿತು. ಇದನ್ನು ನೆಪ ಎಂದೇ ತಿಳಿ.

ನಿನ್ನ ಕಾಗದ ಬಂದ ಮಾರನೇ ದಿನ ಕಾಲುಚೀಲಕ್ಕೆ ಅಕ್ಕಿ ತುಂಬಿದೆ. ಕೆಳಗಿರುವುದು ಕಂಡ ಅಂಕೆ:

ಅಕ್ಟೋಬರ್ 30: 334
31: 326
ನವೆಂಬರ್ 1: 341
2: 319
3: 330. ಈ ದಿನ ಮುಖ್ಯಸ್ಥೆಗೆ ಹೇಳಿದೆ.
5: 302
8: 277
11: 259

ಮುಖ್ಯಸ್ಥೆ ಬೈಯುತ್ತಾರೆ ಎಂದುಕೊಂಡು ಏಪ್ರನ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಹೋಗಿದ್ದೆ. ಅವರು ಒಡೆದ ಗಾಜಿನ ಮಷೀನನ್ನು ತಿರುಗಿಸಿ ನೋಡಿ, "ದಿನಕ್ಕೆ ಎಂಟು ಸಲ ಗಾಳಿ ಅಳೆಯೋ ಜನ ನಾವು. ದಿನಾ ಊಟ ಹಾಕೋರನ್ನ ಅಳೀಲಿಲ್ಲ ನೋಡಿ" ಎಂದರು. ರೇಡಿಯೋದಲ್ಲಿ ಡಾಕ್ಟರನ್ನು ಹಿಡಿದರು. ಇಲ್ಲಿದ್ದ ಮಾತ್ರೆ ಶುರು ಮಾಡಿದ್ದೇವೆ, ಕೈಯ ಗಾಯಕ್ಕೆ ದಿನಾ ಹೊಸ ಬಟ್ಟೆ ಕಟ್ಟುತ್ತಾರೆ. ಆದರೆ ದಾರಿ ಮುಚ್ಚಿದ ಮೇಲೆ ನನ್ನನ್ನು ಇಲ್ಲಿ ಇಟ್ಟುಕೊಳ್ಳುವುದಿಲ್ಲ. ಇಪ್ಪತ್ತಾರರ ಲಾರಿಯಲ್ಲಿ ಇಳಿಯುತ್ತೇನೆ. ಹೊಸ ಫಾರಂ ಕೊಟ್ಟರು. ಈ ಸಲ ನಿಜ ಇದ್ದ ಕಡೆ ಗುರುತು ಹಾಕಿದೆ.

ಲೈಬ್ರರಿಯ ವಿಷಯ ಬಂದ ಮೇಲೆ ಮಾತಾಡೋಣ. ನೀನೇನೂ ಹೇಳಬೇಕಾಗಿಲ್ಲ. ಹೇಳಬೇಕಾದವನು ನಾನು.

ಮೇಷ್ಟ್ರ 128 ಅನ್ನು ಕಿಟಕಿಯ ಪಕ್ಕದ ಗೋಡೆಗೆ ಸೀಸದಕಡ್ಡಿಯಲ್ಲಿ ಬರೆದಿದ್ದೇನೆ. ಮುಂದೆ ಬರುವ ಅಡುಗೆಯವರು ಏನೆಂದುಕೊಳ್ಳುತ್ತಾರೋ.

ಅಪ್ಪ


ನವೆಂಬರ್ 25

ಅಪ್ಪಾ,

ಇದನ್ನು ನಾಳೆ ಬೆಳಿಗ್ಗೆ ಡ್ರೈವರ್ ಕೈಗೇ ಕೊಡುತ್ತೇನೆ. ಮೊದಲ ನಾಲ್ಕು ಸಾಲು ಲಾರಿ ಅಲ್ಲಿ ನಿಂತಾಗಲೇ ಓದು, ಉಳಿದದ್ದು ಇಳಿಯುತ್ತಾ. ಹೊರಡುವ ಮೊದಲು ಊಟ ಮಾಡಿ ಆಮೇಲೆ ಮಾತ್ರೆ ತಗೋ. ಜೇಬಿನಲ್ಲಿ ಎರಡು ಸಕ್ಕರೆ ಚೂರು ಇಟ್ಟುಕೋ. ಬೆವರಿ ಕೈ ನಡುಗಿದರೆ ಬಾಯಿಗೆ ಹಾಕಿಕೊಳ್ಳಲು, ಸುಮ್ಮನೆ ತಿನ್ನಲು ಅಲ್ಲ. ತಿರುವು ಬಂದಾಗ ತಲೆ ತಗ್ಗಿಸಿ ಓದಬೇಡ, ತಲೆ ಸುತ್ತುತ್ತದೆ. ಇಳಿದ ಮಾರನೇ ದಿನ ಹತ್ತು ಗಂಟೆಗೆ ಮನುಷ್ಯರ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ. ಲಾಂಡ್ರಿ ಯಜಮಾನಿ ಅರ್ಧ ದಿನ ರಜೆ ಕೊಟ್ಟರು. "ಈ ಸಲಾನೂ ಬೆಕ್ಕಿಗಾ?" ಎಂದರು. ಇಲ್ಲ, ಅಪ್ಪನಿಗೆ ಎಂದೆ.

ಮೇಷ್ಟ್ರು ಇವತ್ತು ಬೆಳಿಗ್ಗೆ 112. ನಿನ್ನೆ ಸಂಜೆಯಿಂದ ಇನ್ಸುಲಿನ್ ನಿಲ್ಲಿಸಿ ನೋಡೋಣ ಎಂದಿದ್ದಾರೆ ಡಾಕ್ಟರಮ್ಮ. ಚುಚ್ಚುವುದಿಲ್ಲ, ಆದರೆ ಅಂಕೆ ನೋಡಬೇಕು. ಸಂಜೆ ಆರಕ್ಕೆ ಮೇಷ್ಟ್ರು ತಾವೇ ಬಂದು ಟವೆಲಿನ ಮೇಲೆ ಕೂರುತ್ತಾರೆ. ಮತ್ತೆ ಬೇಕಾಗುವುದೇ ಇಲ್ಲ ಎಂದು ಯಾರೂ ಮಾತು ಕೊಟ್ಟಿಲ್ಲ, ನಾನೂ ಕೊಡುವುದಿಲ್ಲ. ಅತ್ತೆ ಈಗ ಎರಡೂ ಕಣ್ಣು ತೆರೆದೇ ಹಿಡಿಯುತ್ತಾರೆ. ನಿನ್ನನ್ನೂ ಹಾಗೇ ಹಿಡಿಯುತ್ತಾರಂತೆ. "ಟವೆಲ್ ಸಾಲಲ್ಲ, ಬೆಡ್‌ಶೀಟೇ ಬೇಕು ಅವನಿಗೆ" ಎಂದರು.

ಅಡುಗೆಮನೆಯ ಕಿಟಕಿಗೆ ಅಡ್ಡವಾಗಿ ಜೋಡಿಸಿದ್ದ ಡಬ್ಬಗಳನ್ನೆಲ್ಲ ತೆಗೆದು ಗಾಜು ಒರೆಸಿದೆ. ಎದುರುಮನೆಯ ಗೋಡೆ ಕಾಣುತ್ತದೆ. ಅವರ ನೀರಿನ ಟ್ಯಾಂಕು, ಲಾಂಡ್ರಿಯ ಹಗ್ಗದ ಮೇಲೆ ನಾನು ಇಸ್ತ್ರಿ ಮಾಡಬೇಕಾದ ಹೊದಿಕೆಗಳು. ಸಂಜೆ ಐದೂವರೆಗೆ ಒಂದು ಅಂಗೈಯಷ್ಟು ಬಿಸಿಲು ಬರುತ್ತದೆ. ಏಳು ಸಾಲು ಬೆಟ್ಟಕ್ಕೆ ಇದು ಸಮ ಎಂದು ನಾನು ಹೇಳುವುದಿಲ್ಲ. ಸಮ ಅಲ್ಲ. ಆದರೆ ಒಲೆ ಅದರ ಮುಂದೆಯೇ ಇದೆ, ಇಷ್ಟು ವರ್ಷ ನಾವು ನೋಡಿರಲಿಲ್ಲ.

ನೋಟ್‌ಬುಕ್ಕಿನ ಹೊಸ ಹಾಳೆಯಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದೆ. ಎಡಗಡೆ ಮೇಷ್ಟ್ರು. ಬಲಗಡೆ ಐದು ಗಂಟೆಯ ಬೆಕ್ಕು ಎಂದು ಬರೆಯಲು ಕೈ ಹೋಯಿತು, ನೀನು ಓದಿ ನಗುತ್ತೀಯ ಎಂದು. ಬರೆಯಲಿಲ್ಲ. ಅಪ್ಪ ಎಂದು ಬರೆದೆ. ಅದರ ಕೆಳಗೆ ಬೆಳಿಗ್ಗೆ, ಸಂಜೆ.

ನಾಳೆ ಸಂಜೆ ಲಾರಿ ನಿಲ್ಲುವ ಕಡೆ ನಿಂತಿರುತ್ತೇನೆ. ಆ ಹೊತ್ತಿಗೆ ನಿನ್ನ ಕೈ ತಣ್ಣಗಾಗಿರುತ್ತದೆ. ಜೋಡಿಯ ಒಂದು ಕಾಲುಚೀಲ ನಿನ್ನ ಹತ್ತಿರ ಇದೆ. ಇನ್ನೊಂದನ್ನು ಬಿಸಿ ಮಾಡಿ ಕೋಟಿನೊಳಗೆ ಇಟ್ಟುಕೊಂಡು ಬರುತ್ತೇನೆ. ಮೊದಲು ನನ್ನ ಕೆನ್ನೆಗೆ ಒತ್ತಿ ನೋಡಿ, ಆಮೇಲೆ ಕೊಡುತ್ತೇನೆ.

ಬುಗುರಿ